ರಿಪೋರ್ಟು ತೀರ್ಪಲ್ಲ, ಬಸುರಿ ಅಪರಾಧಿಯಲ್ಲ



ಕಳೆದ ವರ್ಷ ಮಳೆಗಾಲದಲ್ಲಿ ನಮ್ಮ ಸಂಘದ ವಾರದ ಸಭೆಗೆ ಒಬ್ಬ ಹುಡುಗಿ ಉಳಿತಾಯದ ಹಣ ಕಟ್ಟಲು ಬಂದಳು. ಮದುವೆಯಾಗಿ ಎರಡು ವರ್ಷ. ಮೂರು ತಿಂಗಳು ತುಂಬಿ ನಾಲ್ಕನೆಯದು ನಡೆಯುತ್ತಿತ್ತು. ಎಡಗೆನ್ನೆ ಊದಿಕೊಂಡಿತ್ತು. ಕೇಳಿದ್ದಕ್ಕೆ "ಬಚ್ಚಲಲ್ಲಿ ಜಾರಿ ಬಿದ್ದೆ ಅಕ್ಕ" ಅಂದಳು. ನಮ್ಮ ಹೆಣ್ಣುಮಕ್ಕಳು ಬಚ್ಚಲಲ್ಲಿ ಎಷ್ಟು ಸಲ ಜಾರಿ ಬೀಳುತ್ತಾರೆ ಎಂಬುದನ್ನು ಈ ಪತ್ರಿಕೆ ಓದುವವರಿಗೆ ಹೊಸದಾಗಿ ಹೇಳಬೇಕಿಲ್ಲ.

ಸಭೆ ಮುಗಿದು ಎಲ್ಲರೂ ಎದ್ದ ಮೇಲೂ ಅವಳು ಕುಳಿತೇ ಇದ್ದಳು. ಆಮೇಲೆ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟಳು. ರಕ್ತ ಪರೀಕ್ಷೆಯ ರಿಪೋರ್ಟು. ಪೂರ್ತಿ ಇಂಗ್ಲಿಷಿನಲ್ಲಿತ್ತು. 'ಹೈ ರಿಸ್ಕ್' ಎಂಬ ಮಾತು ದಪ್ಪ ಅಕ್ಷರದಲ್ಲಿ, ಅದರ ಪಕ್ಕ 1:180 ಎಂಬ ಅಂಕಿ. ಡಾಕ್ಟರು ಇದನ್ನು ಅವಳಿಗೆ ವಿವರಿಸಿರಲಿಲ್ಲ. ಗಂಡನನ್ನು ಒಳಗೆ ಕರೆದು ಎರಡು ಮಾತು ಹೇಳಿ ಕಳಿಸಿದ್ದರು. ಅವನು ಮನೆಗೆ ತಂದದ್ದು ಒಂದೇ ಮಾತು: "ಮಗು ಸರಿಯಿಲ್ಲವಂತೆ."

ಅಂದಿನಿಂದ ಶುರುವಾಯಿತು. "ನಿಮ್ಮ ವಂಶದಲ್ಲೇ ಇದೆ, ಮುಚ್ಚಿಟ್ಟು ಕೊಟ್ಟಿರಿ" ಎಂದಳು ಅತ್ತೆ. "ಗ್ರಹಣದ ದಿನ ಹೊರಗೆ ತಿರುಗಿದಳು, ನಾನು ಕಣ್ಣಾರೆ ನೋಡಿದೆ" ಎಂದಳು ನಾದಿನಿ. ಮುಂದಿನ ಪರೀಕ್ಷೆಗೆ ಹಣ ಬೇಕು ಎಂದಾಗ ಗಂಡ, "ನಿಮ್ಮಪ್ಪನ್ನ ಕೇಳು" ಎಂದ. ರೇಷ್ಮೆಗೂಡು ಮಾರಿ ಬಂದ ಹಣದಲ್ಲಿ ಮದುವೆಯ ಸಾಲವನ್ನೇ ಇನ್ನೂ ತೀರಿಸುತ್ತಿರುವ ಅಪ್ಪ. ಆ ಜಗಳದಲ್ಲೇ ಮದುವೆಯಲ್ಲಿ ಬಾಕಿ ಉಳಿದಿದ್ದ ಬೈಕಿನ ಮಾತೂ ಎದ್ದಿತು. ಕೆನ್ನೆ ಊದಿದ್ದು ಆ ರಾತ್ರಿ.

ಅವಳ ಹೆಸರು ಇಲ್ಲಿ ಬೇಡ. ಇದು ಒಬ್ಬಳ ಕಥೆಯೂ ಅಲ್ಲ. ತಾಲ್ಲೂಕು ತಾಲ್ಲೂಕಿಗೂ ಸ್ಕ್ಯಾನಿಂಗ್ ಬಂದಿದೆ, ರಕ್ತ ಪರೀಕ್ಷೆ ಬಂದಿದೆ. ಬಸುರಿಗೆ ಉಪಯೋಗವಾಗಬೇಕಾದ ಕಾಗದ ಅತ್ತೆಮನೆಯಲ್ಲಿ ಅವಳ ಮೇಲಿನ ದೋಷಾರೋಪ ಪಟ್ಟಿಯಾಗುತ್ತಿದೆ. ನಾನು ಹೇಳಬೇಕಾದ್ದು ಇಷ್ಟೇ: ಆ ಕಾಗದವನ್ನು ತಿಳಿದುಕೊಳ್ಳುವ ಹಕ್ಕು ಮೊದಲು ಅವಳದು. ಮುಂದೇನು ಎಂದು ತೀರ್ಮಾನಿಸುವ ಹಕ್ಕು ಕೊನೆಗೂ ಅವಳದೇ. ನಡುವೆ ಬಾಯಿ ಹಾಕಿ ಕೈ ಎತ್ತುವ ಅಧಿಕಾರ ಯಾರಿಗೂ ಇಲ್ಲ.

ಜರಡಿ ಹಿಡಿದದ್ದೆಲ್ಲ ಕಲ್ಲಲ್ಲ

ಮೊದಲು ಆ ಅಂಕಿಯ ಅರ್ಥ ತಿಳಿಯೋಣ. ತಿಳಿಯದಿದ್ದರೆ ಹೆದರಿಸುವವರ ಕೈ ಮೇಲಾಗುತ್ತದೆ.

ನಾವು ಕಾಳನ್ನು ಜರಡಿ ಹಿಡಿಯುತ್ತೇವೆ. ಮೇಲೆ ಉಳಿದದ್ದರಲ್ಲಿ ಕಲ್ಲೂ ಇರುತ್ತದೆ, ದಪ್ಪ ಕಾಳೂ ಇರುತ್ತದೆ. ಉಳಿದದ್ದನ್ನೆಲ್ಲ ತಿಪ್ಪೆಗೆ ಸುರಿಯುತ್ತೇವೆಯೇ? ಇಲ್ಲ, ಕೂತು ಕೈಯಲ್ಲಿ ಆರಿಸುತ್ತೇವೆ. ಬಸುರಿಯ 11ರಿಂದ 13 ವಾರದೊಳಗೆ ಮಾಡುವ ಎನ್‌ಟಿ ಸ್ಕ್ಯಾನ್, ಡಬಲ್ ಮಾರ್ಕರ್ ಎಂಬ ರಕ್ತ ಪರೀಕ್ಷೆ, ಅದು ತಪ್ಪಿದರೆ 15 ವಾರದ ನಂತರ ಮಾಡುವ ಕ್ವಾಡ್ರುಪಲ್ ಪರೀಕ್ಷೆ ಇವೆಲ್ಲ ಜರಡಿ. ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ತೊಂದರೆ ಇರುವ ಸಂಭವ ಎಷ್ಟು ಎಂದು ಅವು ಅಂದಾಜು ಹೇಳುತ್ತವೆ. ಇದೆ ಎಂದು ಹೇಳುವುದಿಲ್ಲ.

1:180 ಎಂದರೆ ಏನು? ಇದೇ ಅಂಕಿ ಬಂದ 180 ಬಸುರಿಯರನ್ನು ಸಾಲಾಗಿ ನಿಲ್ಲಿಸಿದರೆ, ಅವರಲ್ಲಿ ಒಬ್ಬಳ ಮಗುವಿಗೆ ಆ ತೊಂದರೆ ಇರಬಹುದು, ಉಳಿದ 179 ಮಂದಿಯ ಮಕ್ಕಳಿಗೆ ಇರುವುದಿಲ್ಲ. ಸಾಮಾನ್ಯವಾಗಿ 1:250ಕ್ಕಿಂತ ಹೆಚ್ಚು ಸಂಭವ ಕಂಡರೆ 'ಹೈ ರಿಸ್ಕ್' ಎಂದು ಬರೆಯುತ್ತಾರೆ. ಮುಂದೆ ಇನ್ನೊಂದು ಪರೀಕ್ಷೆ ಮಾಡಿಸುವುದನ್ನು ಯೋಚಿಸಿ ಎಂಬುದಷ್ಟೇ ಅದರ ಅರ್ಥ. ಅದೇ ರೀತಿ 'ಲೋ ರಿಸ್ಕ್' ಎಂದು ಬರೆದರೆ ಅದೂ ಪೂರ್ತಿ ಖಾತ್ರಿಯಲ್ಲ.

ಕೈಯಲ್ಲಿ ಆರಿಸಿ ನೋಡುವ ಪರೀಕ್ಷೆ ಬೇರೆ. 15 ವಾರ ದಾಟಿದ ಮೇಲೆ ಹೊಟ್ಟೆಯ ಮೂಲಕ ಸೂಜಿ ಹಾಕಿ ಮಗುವಿನ ಸುತ್ತಲಿನ ನೀರನ್ನು ಸ್ವಲ್ಪ ತೆಗೆದು ನೋಡುವ ಗರ್ಭಜಲ ಪರೀಕ್ಷೆ ಅದು. ಅದರಿಂದ ಗರ್ಭಪಾತವಾಗುವ ಅಪಾಯ ಸಣ್ಣದು, ಆದರೆ ಇದೆ. ಪೂರ್ತಿ ವರದಿ ಬರಲು ಎರಡು ಮೂರು ವಾರ ಹಿಡಿಯಬಹುದು. ತಾಯಿಯ ರಕ್ತದಿಂದಲೇ ಮಾಡುವ ಎನ್‌ಐಪಿಟಿ ಎಂಬ ಹೊಸ ಪರೀಕ್ಷೆಯೂ ಇದೆ. ಹೆಚ್ಚು ನಂಬಬಹುದಾದದ್ದು, ದುಬಾರಿ, ಆದರೂ ಅದೂ ಜರಡಿಯೇ. ಇನ್ನು 18ರಿಂದ 20ನೇ ವಾರದ ದೊಡ್ಡ ಸ್ಕ್ಯಾನ್ ಮಗುವಿನ ತಲೆ, ಬೆನ್ನುಮೂಳೆ, ಹೃದಯ, ಕೈಕಾಲು ನೋಡುತ್ತದೆ. ಅಲ್ಲಿ ಕಂಡದ್ದೆಲ್ಲ ಒಂದೇ ತೂಕದ್ದಲ್ಲ. ಸೀಳು ತುಟಿಗೆ ಹುಟ್ಟಿದ ಕೆಲವು ತಿಂಗಳಲ್ಲೇ ಶಸ್ತ್ರಚಿಕಿತ್ಸೆ ಇದೆ. ಸೊಟ್ಟ ಪಾದವನ್ನು ಪಟ್ಟಿ ಹಾಕಿ ಸರಿಪಡಿಸುತ್ತಾರೆ. ಹೃದಯದ ಎಷ್ಟೋ ದೋಷಗಳಿಗೆ ಚಿಕಿತ್ಸೆ ಇದೆ. ತಲೆಬುರುಡೆಯೇ ಬೆಳೆಯದ ಮಗು ಮಾತ್ರ ಬದುಕುವುದಿಲ್ಲ. ಇವೆಲ್ಲವನ್ನೂ 'ಮಗು ಸರಿಯಿಲ್ಲ' ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ.

ತಪ್ಪು ಯಾರದು?

ಯಾರದ್ದೂ ಅಲ್ಲ. ಆದರೆ ನಮ್ಮ ಮನೆಗಳಲ್ಲಿ ತಪ್ಪು ಯಾರದ್ದೂ ಅಲ್ಲದಿದ್ದಾಗ ಅದು ಸೊಸೆಯದಾಗುತ್ತದೆ.

ಡೌನ್ ಸಿಂಡ್ರೋಮ್ ಎಂದರೆ ಮಗುವಿನ ಜೀವಕೋಶಗಳಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಇರುವುದು. 1959ರಲ್ಲೇ ಫ್ರಾನ್ಸಿನ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಜೀವಕೋಶ ಇಬ್ಭಾಗವಾಗುವಾಗ ತಾನಾಗಿ ಆಗುವ ಏರುಪೇರು ಇದು. ತಾಯಿಯ ವಯಸ್ಸು ಹೆಚ್ಚಿದಂತೆ ಸಂಭವ ಹೆಚ್ಚುತ್ತದೆ, ನಿಜ. 25ರ ವಯಸ್ಸಿನಲ್ಲಿ ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಇದ್ದದ್ದು 40ರಲ್ಲಿ ಸುಮಾರು ನೂರಕ್ಕೆ ಒಂದು. ಆದರೆ ಅವಳು ತಿಂದದ್ದರಿಂದ, ನಡೆದದ್ದರಿಂದ, ಕೂಲಿಗೆ ಹೋದದ್ದರಿಂದ ಅದು ಬರುವುದಿಲ್ಲ. ಗ್ರಹಣದ ದಿನ ಈಳಿಗೆಮಣೆ ಮುಟ್ಟಿದರೆ ಮಗುವಿನ ತುಟಿ ಸೀಳುವುದಿಲ್ಲ.

ಥಲಸ್ಸೇಮಿಯಾ, ಕುಡಗೋಲು ಕಣ ರೋಗದಂಥ ರಕ್ತದ ಕಾಯಿಲೆಗಳ ಲೆಕ್ಕ ಬೇರೆ. ಅಪ್ಪ ಅಮ್ಮ ಇಬ್ಬರೂ ಆ ಗುಣವನ್ನು ಹೊತ್ತಿದ್ದರೆ ಪ್ರತಿ ಬಸುರಿಯಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಹಾಡಿಗಳಲ್ಲಿ ಕುಡಗೋಲು ಕಣ ರೋಗ ಇರುವುದು ಗೊತ್ತಿರುವ ಸಂಗತಿ. ಇಂಥ ಕಡೆ ಹೆಂಡತಿಯ ರಕ್ತದಲ್ಲಿ ಆ ಗುಣ ಕಂಡರೆ ಗಂಡನ ರಕ್ತವನ್ನೂ ನೋಡಲೇಬೇಕು. ಹೆಂಡತಿಯ ತೋಳಿನಿಂದ ನಾಲ್ಕು ಸಲ ರಕ್ತ ತೆಗೆಸುವ ಮಹಾಶಯ, ತನ್ನ ಸರದಿ ಬಂದಾಗ "ನನಗೇನಾಗಿದೆ, ನಾನು ಗಂಡಸು" ಎಂದು ಎದ್ದು ಹೋಗುತ್ತಾನೆ! ಗಂಡಸಿನ ರಕ್ತಕ್ಕೆ ಪರೀಕ್ಷೆ ಅವಮಾನವೇ?

ಇನ್ನೊಂದು ಮಾತು. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಂಡರೆ ಇಂಥ ವಂಶವಾಹಿ ಕಾಯಿಲೆಗಳ ಸಂಭವ ಹೆಚ್ಚುತ್ತದೆ. ಆ ಸಂಬಂಧ ಗೊತ್ತುಮಾಡಿದವರು ಯಾರು? ಜಮೀನು ಹೊರಗೆ ಹೋಗಬಾರದು, ಕೊಟ್ಟದ್ದು ಮನೆಯಲ್ಲೇ ಉಳಿಯಬೇಕು ಎಂದು ಲೆಕ್ಕ ಹಾಕಿದವರು ಹಿರಿಯರು. ಹುಡುಗಿಯನ್ನು ಯಾರೂ ಕೇಳಲಿಲ್ಲ. ಲೆಕ್ಕ ತಪ್ಪಿದಾಗ ಮಾತ್ರ "ನಿನ್ನ ಹೊಟ್ಟೆ ಸರಿಯಿಲ್ಲ" ಎಂದು ಅವಳ ಕಡೆ ಬೆರಳು.

ಬೆನ್ನುಹುರಿಯ ದೋಷಗಳ ವಿಷಯವೂ ಹೀಗೆಯೇ. ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಂಡರೆ ಅವುಗಳಲ್ಲಿ ಬಹುಪಾಲನ್ನು ತಡೆಯಬಹುದು ಎಂದು 1991ರಲ್ಲೇ ಬ್ರಿಟನ್ನಿನ ವೈದ್ಯರ ದೊಡ್ಡ ಅಧ್ಯಯನ ತೋರಿಸಿತು. ಆ ಮಾತ್ರೆ ಅಗ್ಗದ್ದು. ಆದರೆ ಮದುವೆಯಾದ ಹುಡುಗಿಗೆ ಬಸುರಿಯಾಗುವ ಮೊದಲು ಆ ಮಾತ್ರೆ ತಂದುಕೊಟ್ಟ ಮನೆ ಎಷ್ಟಿವೆ? "ಇನ್ನೂ ಆಗಿಲ್ಲವಾ?" ಎಂದು ತಿಂಗಳು ತಿಂಗಳು ಕೇಳುವ ಬಾಯಿಗಳೇ ಹೆಚ್ಚು.

ಸೂಜಿಯ ಹಳೆಯ ಕಥೆ

ಈ ಗರ್ಭಜಲ ಪರೀಕ್ಷೆ ನಮಗೆ ಹೊಸದಲ್ಲ. 1970ರ ದಶಕದಲ್ಲಿ ಅದು ನಮ್ಮ ದೇಶಕ್ಕೆ ಬಂದದ್ದು ಮಗುವಿನ ಕಾಯಿಲೆ ಪತ್ತೆಹಚ್ಚಲು. ಕೆಲವೇ ವರ್ಷಗಳಲ್ಲಿ ಅದು ಹೆಣ್ಣು ಭ್ರೂಣವನ್ನು ಹುಡುಕಿ ಕೊಲ್ಲುವ ಆಯುಧವಾಯಿತು. ಇಂದು ಕೆಲವು ನೂರು ಖರ್ಚು ಮಾಡಿ, ನಾಳೆಯ ವರದಕ್ಷಿಣೆ ಉಳಿಸಿ ಎಂಬ ಅರ್ಥದ ಜಾಹೀರಾತುಗಳನ್ನು ಹಾಕಿಕೊಂಡು ದವಾಖಾನೆಗಳು ದುಡ್ಡು ಮಾಡಿದವು. ಅದರ ವಿರುದ್ಧ ಮುಂಬೈಯಲ್ಲಿ, ಆಮೇಲೆ ದೇಶದ ಬೇರೆ ಕಡೆಗಳಲ್ಲಿ ಮಹಿಳಾ ಚಳವಳಿ ಬೀದಿಗಿಳಿಯಿತು. 1988ರಲ್ಲಿ ಮಹಾರಾಷ್ಟ್ರದಲ್ಲಿ ಕಾನೂನಾಯಿತು. 1994ರಲ್ಲಿ ಇಡೀ ದೇಶಕ್ಕೆ ಕಾನೂನಾಯಿತು, 1996ರ ಜನವರಿ 1ರಿಂದ ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಆದರೂ 2023ರ ನವೆಂಬರ್‌ನಲ್ಲಿ ಬಯಲಾದದ್ದೇನು? ಮಂಡ್ಯ ಜಿಲ್ಲೆಯ ಒಂದು ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ. ಬೆಲ್ಲ ಬೇಯಿಸುವ ಜಾಗದಲ್ಲಿ ಹೆಣ್ಣುಕೂಸುಗಳ ಲೆಕ್ಕ.

ಯಂತ್ರ ತಾನಾಗಿ ಕೊಲ್ಲುವುದಿಲ್ಲ. ಹೆಣ್ಣನ್ನು ಖರ್ಚಿನ ಬಾಬತ್ತು ಎಂದು ಎಣಿಸುವ ಮನೆ ಅದನ್ನು ಆಯುಧ ಮಾಡುತ್ತದೆ. ಅದೇ ಮನೆಯ ಕೈಗೆ ಈಗ 'ಹೈ ರಿಸ್ಕ್' ಎಂಬ ಕಾಗದ ಸಿಕ್ಕಿದೆ. ಅದೇ ಕಣ್ಣಿನಿಂದಲೇ ಓದುತ್ತದೆ: ಈ ಸೊಸೆಯಿಂದ ಲಾಭವೇ, ನಷ್ಟವೇ?

ತೀರ್ಮಾನ ಯಾರದು?

"ಹಾಗಾದರೆ ನೀವು ಗರ್ಭಪಾತದ ಪರವೋ, ವಿರೋಧವೋ?" ಎಂದು ನನ್ನನ್ನು ಕೇಳುತ್ತಾರೆ. ನಾನು ಬಲವಂತಕ್ಕೆ ವಿರೋಧ. ತಿಳಿದು, ಯೋಚಿಸಿ, ಇಂಥ ಮಗುವನ್ನೂ ಹೆತ್ತು ಸಾಕುತ್ತೇನೆ ಎನ್ನುವವಳನ್ನು ಮನೆಯಿಂದ ಹೊರಗೆ ಹಾಕುವುದು ದೌರ್ಜನ್ಯ. ತಿಳಿದು, ಯೋಚಿಸಿ, ನನ್ನ ಕೈಲಾಗದು ಎನ್ನುವವಳನ್ನು ಕೊಲೆಗಾರ್ತಿ ಎನ್ನುವುದೂ ದೌರ್ಜನ್ಯ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ 18 ತುಂಬಿದ ಹೆಣ್ಣಿನ ಒಪ್ಪಿಗೆ ಸಾಕು, ಅವಳ ಒಪ್ಪಿಗೆ ಬೇಕೇ ಬೇಕು. ಗಂಡನ ಸಹಿ ತಾ, ಮಾವನ ಸಹಿ ತಾ ಎಂದು ಕಾನೂನು ಕೇಳುವುದಿಲ್ಲ, ಆಸ್ಪತ್ರೆಯವರು ಕೇಳಿದರೂ ಸಹ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಮಗುವಿನ ಗಂಭೀರ ನ್ಯೂನತೆಯೂ ಸೇರಿದಂತೆ ಕೆಲವು ಕಾರಣಗಳಿಗೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. 24 ದಾಟಿದ ಮೇಲೆ ಗಂಭೀರ ನ್ಯೂನತೆ ಇದ್ದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಅವಳ ಹೆಸರು, ವಿವರವನ್ನು ವೈದ್ಯರು ಹೊರಗೆ ಹೇಳುವಂತಿಲ್ಲ. ಅವಳ ಒಪ್ಪಿಗೆಯಿಲ್ಲದೆ ಗರ್ಭ ತೆಗೆಸಿದರೆ ಭಾರತೀಯ ನ್ಯಾಯ ಸಂಹಿತೆಯ 89ನೇ ಕಲಂ ಪ್ರಕಾರ ಜೀವಾವಧಿ, ಇಲ್ಲವೇ ಹತ್ತು ವರ್ಷದವರೆಗೆ ಸೆರೆವಾಸ.

ಈ ವಾರಗಳ ಲೆಕ್ಕ ನೆನಪಿಡಿ. ಪರೀಕ್ಷೆಗೆ ಯಾರು ಹಣ ಕೊಡಬೇಕು ಎಂದು ಬೀಗರು ಕಿತ್ತಾಡುವ ಪ್ರತಿ ವಾರವೂ ಅವಳ ತೀರ್ಮಾನದ ಸಮಯದಿಂದ ಕಳೆದುಹೋಗುತ್ತದೆ. ನಮ್ಮ ಹುಡುಗಿಯನ್ನು "ದುಡ್ಡು ತಂದರೆ ಬಾ" ಎಂದು ತವರಿಗೆ ಕಳಿಸಿ ಮೂರು ವಾರ ಕೂರಿಸಿದ್ದರು. ಹೊಡೆತ ಮಾತ್ರ ಹಿಂಸೆಯಲ್ಲ, ಹೀಗೆ ವಾರ ಕಳೆಯುವುದೂ ಹಿಂಸೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೀಯಾಳಿಸುವುದು, ಖರ್ಚಿಗೆ ಹಣ ಕೊಡದಿರುವುದು, ಮನೆಯಿಂದ ಹೊರಗಟ್ಟುವುದು ಎಲ್ಲವೂ ಬರುತ್ತದೆ. ಚಿಕಿತ್ಸೆಯ ಖರ್ಚನ್ನೂ ಅದರಡಿ ಕೇಳಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ತವರಿಂದ ಹಣ ತಾ ಎಂದು ಪೀಡಿಸಿದರೆ ಹಿಂದಿನ 498ಎ, ಅಂದರೆ 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 85ನೇ ಕಲಂ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ.

ಕಾಯುವ ದಿನಗಳು

ಕಾನೂನು ಗೊತ್ತಿದ್ದ ಮಾತ್ರಕ್ಕೆ ರಾತ್ರಿ ನಿದ್ದೆ ಬರುವುದಿಲ್ಲ. ಚೊಚ್ಚಲ ಬಸುರಿಗೆ ಮಗು ಮಿಸುಕಾಡುವುದು ತಿಳಿಯುವುದು ಸುಮಾರು 18ರಿಂದ 20ನೇ ವಾರದಲ್ಲಿ. ಎಷ್ಟೋ ಸಲ ವರದಿಗೆ ಕಾಯುವುದೂ ಅದೇ ದಿನಗಳಲ್ಲಿ. "ಮಿಸುಕಾಡಿದರೆ ಸಂತೋಷಪಡಲೂ ಹೆದರಿಕೆ ಅಕ್ಕ, ಹೆದರಿದರೆ ಮಗುವಿಗೆ ತಿಳಿಯುತ್ತೇನೋ ಅಂತ ಇನ್ನೊಂದು ಹೆದರಿಕೆ" ಅಂದಳು ಆ ಹುಡುಗಿ. ನಾನು ಅವಳಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಸಂತೋಷಪಡು, ತಪ್ಪಿಲ್ಲ. ಹೆದರು, ಅದೂ ತಪ್ಪಲ್ಲ. ಅಳು ಬಂದರೆ ಅಳು, ನೀನು ಅತ್ತದ್ದರಿಂದ ಮಗುವಿಗೆ ಈ ತೊಂದರೆ ಬರುವುದಿಲ್ಲ. ಊಟ ಬಿಡಬೇಡ. ಒಬ್ಬಳೇ ಇರಬೇಡ. ಕತ್ತಲೆಯಲ್ಲಿ ಯೋಚಿಸಿ ತೀರ್ಮಾನ ಮಾಡಬೇಡ. ತೀರ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸೇವೆಯವರು ಕನ್ನಡದಲ್ಲೇ ಮಾತಾಡುತ್ತಾರೆ.

ಡಾಕ್ಟರ ಹತ್ತಿರ ಹೋಗುವಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ಇದು ಜರಡಿ ಪರೀಕ್ಷೆಯೋ, ಖಚಿತ ಪರೀಕ್ಷೆಯೋ? ನನ್ನ ಅಂಕಿ ಎಷ್ಟು, ಅದರ ಅರ್ಥವೇನು?
2. ಮುಂದಿನ ಪರೀಕ್ಷೆ ಯಾವುದು, ಅಪಾಯವೇನು, ಖರ್ಚೆಷ್ಟು, ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲಿ ಆಗುತ್ತದೆ?
3. ಈಗ ನನಗೆ ಎಷ್ಟು ವಾರ? ವರದಿ ಬರುವ ಹೊತ್ತಿಗೆ ಎಷ್ಟಾಗುತ್ತದೆ?
4. ತೊಂದರೆ ಇದ್ದರೆ ಮಗು ಹೇಗೆ ಬದುಕುತ್ತದೆ, ಯಾವ ಚಿಕಿತ್ಸೆ ಇದೆ?
5. ಗಂಡನ ರಕ್ತ ಪರೀಕ್ಷೆಯೂ ಬೇಕೇ?

"ನನಗೇ ಹೇಳಿ, ಕನ್ನಡದಲ್ಲಿ ಹೇಳಿ" ಎಂದು ಕೇಳಿ. ಕೇಳುವುದು ಅಹಂಕಾರವಲ್ಲ. ರಿಪೋರ್ಟು ಹೊಟ್ಟೆ ಹೊತ್ತವಳದು.

ನಮ್ಮ ಬಾಯಿಯೂ ಚೊಕ್ಕಟವಲ್ಲ

ಅತ್ತೆಮನೆಯನ್ನು ಬೈದು ಮುಗಿಸುವುದು ಸುಲಭ. ಈ ವಿಷಯ ನಮ್ಮ ಸಂಘದಲ್ಲಿ ಚರ್ಚೆಗೆ ಬಂದ ದಿನ ನಾವೇ ಏನೆಂದೆವು? "ಅಂಥ ಮಗು ಹುಟ್ಟುವುದಕ್ಕಿಂತ ಹುಟ್ಟದಿದ್ದರೇ ಲೇಸು" ಎಂದರು ಒಬ್ಬರು. ನಾಲ್ಕು ಜನ ತಲೆಯಾಡಿಸಿದೆವು. ಆಗ ನಮ್ಮ ಸಂಘದ ಲೆಕ್ಕ ಬರೆಯುವಾಕೆ, ಚಿಕ್ಕಂದಿನಲ್ಲಿ ಪೋಲಿಯೋದಿಂದ ಕಾಲು ಹೋದವಳು, ಪುಸ್ತಕ ಮುಚ್ಚಿದಳು. "ನನ್ನ ಎದುರೇ ಹೀಗಂತೀರಲ್ಲ ಅಕ್ಕ, ನಾನು ಇಲ್ಲದಿದ್ದರೆ ನಿಮ್ಮ ಲೆಕ್ಕ ಯಾರು ಬರೀತಿದ್ದರು?" ಅಂದಳು. ಯಾರೂ ತಲೆ ಎತ್ತಲಿಲ್ಲ.

ಡೌನ್ ಸಿಂಡ್ರೋಮ್ ಇರುವ ಮಕ್ಕಳು ನಡೆಯುತ್ತಾರೆ, ಮಾತಾಡುತ್ತಾರೆ, ನಿಧಾನವಾಗಿ ಕಲಿಯುತ್ತಾರೆ, ಶಾಲೆಗೆ ಹೋಗುತ್ತಾರೆ, ಕೆಲಸವನ್ನೂ ಮಾಡುತ್ತಾರೆ. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ, ಬಹಳಷ್ಟಕ್ಕೆ ಚಿಕಿತ್ಸೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಹಾಗೆಂದು ಸಾಕುವುದು ಸುಲಭ ಎಂದು ನಾನು ಸುಳ್ಳು ಹೇಳಲಾರೆ. ಆ ಭಾರ ಪೂರ್ತಿ ಬೀಳುವುದು ತಾಯಿಯ ಹೆಗಲಿಗೆ. ಅದಕ್ಕೇ ಅವಳ ತೀರ್ಮಾನ ಅವಳದಾಗಿರಬೇಕು, ಭಾರ ಮಾತ್ರ ಎಲ್ಲರದಾಗಿರಬೇಕು. ನಾವು ಮಾಡುತ್ತಿರುವುದು ತದ್ವಿರುದ್ಧ: ತೀರ್ಮಾನ ಎಲ್ಲರದು, ಭಾರ ಅವಳೊಬ್ಬಳದು.

ಸಂಘ ಏನು ಮಾಡಬೇಕು?

ನಮ್ಮ ಸಂಘ ಈಗ ಠರಾವು ಮಾಡಿ ಬರೆದುಕೊಂಡಿದೆ. ಬಸುರಿಯ ಪರೀಕ್ಷೆಗೆ ತುರ್ತು ಸಾಲವನ್ನು ಮರುದಿನವೇ ಕೊಡುವುದು, ಗಂಡನ ಜಾಮೀನು ಕೇಳದಿರುವುದು. ಆಸ್ಪತ್ರೆಗೆ ಅವಳ ಜೊತೆ ಒಬ್ಬ ಸದಸ್ಯೆ ಹೋಗುವುದು, ಡಾಕ್ಟರ ಮುಂದೆ ಕೂರುವುದು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುವ ಉಚಿತ ಬಸುರಿ ತಪಾಸಣೆಗೆ ಆಶಾ ಕಾರ್ಯಕರ್ತೆಯ ಜೊತೆ ಸೇರಿ ಎಲ್ಲರನ್ನೂ ಕಳಿಸುವುದು. ಆ ಮನೆಗೆ ಐದಾರು ಮಂದಿ ಒಟ್ಟಿಗೆ ಹೋಗಿ, ಅತ್ತೆಯನ್ನೂ ಗಂಡನನ್ನೂ ಎದುರಿಗೆ ಕೂರಿಸಿಕೊಂಡು ಆ ಅಂಕಿಯ ಅರ್ಥ ಹೇಳುವುದು. ಕೈ ಎತ್ತಿದ್ದರೆ ಅಲ್ಲೇ ಎಚ್ಚರಿಕೆ ಕೊಡುವುದು, ಮತ್ತೆ ಎತ್ತಿದರೆ 181 ಅಥವಾ 112ಕ್ಕೆ ಫೋನ್ ಮಾಡಿ ದೂರು ಕೊಡಿಸುವುದು. ಕೊನೆಯದು: ಅವಳು ಏನೇ ತೀರ್ಮಾನ ಮಾಡಲಿ, ಆಮೇಲೆ ಅವಳ ಬೆನ್ನ ಹಿಂದೆ ನಲ್ಲಿಯ ಹತ್ತಿರ ಮಾತಾಡದಿರುವುದು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ ಎಂದು ನಮಗೆ ಗೊತ್ತಾಗಿದೆ.

ಆ ಹುಡುಗಿಗೆ ಸಂಘದ ಸಾಲದಲ್ಲೇ ಪರೀಕ್ಷೆಯಾಯಿತು. ಫಲಿತಾಂಶ ಏನಾಯಿತು ಎಂದು ನೀವು ಕೇಳುತ್ತೀರಿ. ನಾನು ಹೇಳುವುದಿಲ್ಲ. ಮಗು ಸರಿಯಾಗಿತ್ತು ಎಂದರೆ "ಪಾಪ, ಸುಮ್ಮನೆ ಹೊಡೆದರಲ್ಲ" ಎನ್ನುತ್ತೀರಿ. ಹಾಗಿದ್ದರೆ ಸರಿಯಿಲ್ಲದಿದ್ದರೆ ಹೊಡೆದದ್ದು ಸರಿಯಾಗುತ್ತಿತ್ತೇ? ವರದಿಯಲ್ಲಿ ಏನೇ ಇರಲಿ, ಆ ಕೆನ್ನೆಯ ಮೇಲಿನ ಏಟು ಅನ್ಯಾಯ. ಅವಳು ಈಗಲೂ ವಾರ ವಾರ ಸಭೆಗೆ ಬರುತ್ತಾಳೆ, ಕಂತು ಕಟ್ಟುತ್ತಾಳೆ. ಅಷ್ಟು ತಿಳಿದರೆ ಸಾಕು.

ಮುಂದಿನ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿ. ನಿಮ್ಮ ಸಂಘದಲ್ಲಿ ಬಸುರಿ ಇದ್ದರೆ ಅವಳ ಪಕ್ಕದಲ್ಲಿ ಕೂತು ಓದಿ. ಅವಳ ಬಳಿಯೂ ಒಂದು ಮಡಿಸಿದ ಕಾಗದ ಇರಬಹುದು.